ಎರಡು ಒಡಲಿನ ದೋಣಿ

ಮಕ್ಕಳಿಗೆ ಸಮುದ್ರವನ್ನು ನೀಲಿ ಸೀಮೆಸುಣ್ಣದಲ್ಲಿ ತೋರಿಸುತ್ತಲೇ ನನಗೆ ಮೂವತ್ತು ತುಂಬಿತ್ತು. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ನಾನು ಭೂಗೋಳದ ಟೀಚರ್. ಕೆಲಸ ಬಿಡುತ್ತೇನೆ, ಗಂಡನ ಜೊತೆ ಹಾಯಿದೋಣಿಯಲ್ಲಿ ವಾಸಕ್ಕೆ ಹೋಗುತ್ತೇನೆ ಎಂದಾಗ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆಯಲ್ಲಿ ಏನಾದರೂ ಜಗಳವೇ ಎಂದು ಕೇಳಿದರು. ಜಗಳವಾಡುವುದಕ್ಕೂ ಇಬ್ಬರೂ ಒಂದು ಕಡೆ ಇರಬೇಕಲ್ಲ ಸಾರ್ ಎಂದೆ.

ನನ್ನ ಗಂಡ ಈರೇಶ ಸರಕು ಹಡಗುಗಳಲ್ಲಿ ಡೆಕ್ಕಿನ ಆಳುಗಳ ಮೇಸ್ತ್ರಿ. ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ, ಉಳಿದದ್ದು ನನ್ನ ಬಾಡಿಗೆ ಮನೆಯಲ್ಲಿ. ದೂರದ ಬಂದರುಗಳಲ್ಲಿ ಅವನು ನೋಡಿದ್ದ: ಗಂಡ ಹೆಂಡತಿ ಇಬ್ಬರೇ ಸಣ್ಣ ಹಾಯಿದೋಣಿಯಲ್ಲಿ ದೇಶ ದಾಟಿ ಬರುತ್ತಾರೆ, ಹಗ್ಗಕ್ಕೆ ಬಟ್ಟೆ ಹರವಿ ಈರುಳ್ಳಿ ಹೆಚ್ಚುತ್ತ ಕೂರುತ್ತಾರೆ, ಗಾಳಿ ಸರಿಬಂದ ದಿನ ಲಂಗರು ಎತ್ತುತ್ತಾರೆ. ಇದನ್ನು ಅವನು ಹೇಳಿದ್ದು ಒಂದೇ ಸಲ. ಆಮೇಲೆ ಮತ್ತೆ ಮತ್ತೆ ಹೇಳಿದವಳು ನಾನು.

ಕೊಚ್ಚಿಯ ದಲ್ಲಾಳಿಯೊಬ್ಬ ಎರಡು ದೋಣಿಗಳ ನಕ್ಷೆಯನ್ನೂ ಫೋಟೋಗಳನ್ನೂ ಅಂಚೆಯಲ್ಲಿ ಕಳಿಸಿದ. ಎರಡೂ ವಿದೇಶಿಯರು ಅಲ್ಲಿ ಬಿಟ್ಟುಹೋದವು. ಒಂದು ಉಕ್ಕಿನದು, ಹಳೆಯದು, ಒಂದೇ ಒಡಲು, ನೋಡಲು ಕಿರಿದು. ಕೂತು ಎದ್ದರೆ ತಲೆ ತಾಗುವ ಕತ್ತಲ ಕೋಣೆ. ಗಾಳಿ ಹೆಚ್ಚಾದರೆ ಪಕ್ಕಕ್ಕೆ ವಾಲುತ್ತದೆ. ಒಲೆಯ ಮುಂದೆ ನಿಂತವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಬೇಕು. ಆದರೆ ಅದರ ತಳದಲ್ಲಿ ಸೀಸದ ಭಾರವಿದೆ. ಅಲೆ ಮಗುಚಿಹಾಕಿದರೂ ಆ ಭಾರ ಅದನ್ನು ಮತ್ತೆ ಎದ್ದು ನಿಲ್ಲಿಸುತ್ತದೆ. ತೂತಾದರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯವನಾದರೂ ಮುಚ್ಚಿಕೊಡುತ್ತಾನೆ.

ಇನ್ನೊಂದು ಎರಡು ಒಡಲಿನದು. ಉದ್ದನೆಯ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು ನಡುವೆ ಅಟ್ಟಣಿಗೆ ಹಾಕಿದ ಹಾಗೆ. ದಲ್ಲಾಳಿ ಅದನ್ನು ಕ್ಯಾಟಮರಾನ್ ಎಂದು ಬರೆದಿದ್ದ. ಅದು ವಾಲುವುದಿಲ್ಲ, ಮೇಜಿನ ಮೇಲಿಟ್ಟ ಲೋಟ ಅಲ್ಲೇ ಇರುತ್ತದೆ, ಬೆಳಕೂ ನೆರಳೂ ಬೇಕಾದಷ್ಟು. ಸಾಮಾನು ಹೆಚ್ಚು ಹೇರಿದರೆ ಮಾತ್ರ ಓಡುವುದಿಲ್ಲ. ಮಗುಚಿದರೆ ಮಗುಚಿಯೇ ಇರುತ್ತದೆ.

ನಮ್ಮ ಉಳಿತಾಯಕ್ಕೆ ಸಿಗುವುದು ಉಕ್ಕಿನದು. ದೊಡ್ಡದು ಬೇಕೆಂದರೆ ಮಾವ ದೊಡ್ಡೀರಪ್ಪ ಕುರಿ ಮಾರಬೇಕು. ಮಾರುತ್ತೇನೆ ಎಂದು ಅವರು ಮಗನಿಗೆ ಹೇಳಿಕಳಿಸಿದ್ದರು. ಇಷ್ಟು ಬೇಗ ಒಪ್ಪಿದ್ದು ಹೇಗೆ ಎಂದು ನನಗೆ ಆಶ್ಚರ್ಯ. ನನ್ನ ಮನಸ್ಸು ಉಕ್ಕಿನದರ ಮೇಲಿತ್ತು. ಈರೇಶ ಮಾತ್ರ ನೋಡೋಣ, ನೋಡೋಣ ಎನ್ನುತ್ತಿದ್ದ. ದಲ್ಲಾಳಿಗೆ ಸೋಮವಾರ ಉತ್ತರ ಕೊಡಬೇಕಿತ್ತು. ಕಾಗದದ ಮೇಲೆ ನೋಡಿ ಮನೆ ಆರಿಸಬಾರದು, ನಮ್ಮ ಹಟ್ಟಿಯ ಪಕ್ಕದ ದೊಡ್ಡಉಳ್ಳಾರ್ತಿ ಕಾವಲಿನ ಬಯಲಿನಲ್ಲಿ ಎರಡನ್ನೂ ನಿಜವಾದ ಅಳತೆಗೆ ಬರೆದು ಒಳಗೆ ಓಡಾಡೋಣ ಎಂದ ಅವನು. ಅದು ನನಗೆ ಹಿಡಿಸಿತು. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿ, ಅಳತೆಯ ಟೇಪು ಶಾಲೆಯಿಂದ ತಂದುಕೊಂಡೆ.

ಭಾನುವಾರ ಬಸ್ಸು ಚಳ್ಳಕೆರೆ ಮುಟ್ಟುವ ಮೊದಲೇ ಹೊಟ್ಟೆಯ ಕೆಳಗೆ ಹಿಂಡತೊಡಗಿತು. ಲೆಕ್ಕಕ್ಕಿಂತ ಮುಂಚೆ ಮುಟ್ಟು ಬಂದಿತ್ತು.

ನಮ್ಮದು ಗೊಲ್ಲರ ಹಟ್ಟಿ. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಒಳಗೆ ದೇವರ ಗುಡಿ. ಮುಟ್ಟಿನ ದಿನಗಳಲ್ಲಿ ಹೆಂಗಸರು ಬೇಲಿಯ ಹೊರಗೆ ಇರುತ್ತಾರೆ. ಹೆರಿಗೆಯೂ ಹೊರಗೇ. ನನ್ನ ತವರಿನ ಹಟ್ಟಿಯಲ್ಲಿ ಸೋಗೆಯ ಗುಡಿಸಿಲಲ್ಲಿ ಗಣಿತದ ಪುಸ್ತಕ ಎದೆಗವಚಿಕೊಂಡು ಕೂತು ಮಳೆ ನಿಲ್ಲುವುದನ್ನು ಕಾದಿದ್ದೇನೆ. ಮದುವೆಯಾದ ಮೇಲೆ ತಾರೀಖು ನೋಡಿಕೊಂಡು ಗಂಡನ ಹಟ್ಟಿಗೆ ಹೋಗುತ್ತಿದ್ದೆ. ಸುಳ್ಳೂ ಹೇಳಿರಲಿಲ್ಲ, ಎದುರೂ ಆಡಿರಲಿಲ್ಲ. ಆ ದಿನ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬೇಕಾದ್ದು ಕೊಂಡು, ಹೋಟೆಲಿನ ಹಿಂದಿನ ಬಚ್ಚಲಿಗೆ ಹೋಗಿಬಂದು, ಎಣ್ಣೆ ಮಿಲ್ಲುಗಳ ವಾಸನೆಯ ನಡುವೆ ಆಟೊ ಹತ್ತಿದೆ. ಜೊತೆಗಿದ್ದ ಈರೇಶನಿಗೆ ಹೇಳಲಿಲ್ಲ. ಹೇಳಿದರೆ ನನ್ನನ್ನು ವಾಪಸ್ ಕಳಿಸಿ ಅವನೊಬ್ಬನೇ ದೋಣಿ ಆರಿಸುತ್ತಿದ್ದ.

ಕಾವಲಿನಲ್ಲಿ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಹಟ್ಟಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಬಯಲು ಆರಿಸಿಕೊಂಡೆವು. ಟೇಪಿನ ತುದಿ ಅತ್ತೆ ಜುಂಜಮ್ಮ ಹಿಡಿದರು. ನಾನು ಸುಣ್ಣ ಸುರಿಯುತ್ತ ಹೋದೆ. ಒಂದು ಗಂಟೆಯಲ್ಲಿ ಎರಡು ದೋಣಿಗಳು ಬಿಸಿಲಿನಲ್ಲಿ ಬೆಳ್ಳಗೆ ಬಿದ್ದುಕೊಂಡವು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಚುಕ್ಕಾಣಿ, ಹಾಯಿಕಂಬ ಎಲ್ಲಕ್ಕೂ ಗೆರೆ ಎಳೆದೆ. ಮಾವ ಹಟ್ಟಿಗೆ ಹೋಗುವಾಗ ಬಿಡುವ ಹಾಗೆ ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟು ಉಕ್ಕಿನ ದೋಣಿಯೊಳಕ್ಕೆ ಕಾಲಿಟ್ಟರು. ಅವರನ್ನು ನೋಡಿ ನಾವೂ ಬಿಟ್ಟೆವು.

ಮಾವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹರೆಯದಲ್ಲಿ ಕುರಿ ಹೊಡೆದುಕೊಂಡು ಆಂಧ್ರದ ಗದ್ದೆಗಳವರೆಗೆ ಹೋಗಿ ತಿಂಗಳುಗಟ್ಟಲೆ ಕಂಬಳಿಯ ಕೆಳಗೆ ಬದುಕಿದವರು. ಮನೆ ಹೊತ್ತುಕೊಂಡು ತಿರುಗುವುದು ನಮಗೆ ಹೊಸದೇನಲ್ಲ ಎಂದರು. ಕುಡಿಯುವ ನೀರು ಎಷ್ಟು ದಿನಕ್ಕೆ ಸಾಲುತ್ತದೆ, ಗಾಳಿಯೇ ಇಲ್ಲದಿದ್ದರೆ ಏನು ಗತಿ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಎಂದು ಒಂದೊಂದಾಗಿ ಕೇಳಿದರು. ಈರೇಶ ಹೇಳಿದ್ದಕ್ಕೆ ತಲೆಯಾಡಿಸಿದರು. ನಿಂತಲ್ಲೇ ಸುತ್ತ ನೋಡಿ, ಇಷ್ಟಗಲದಾಗೆ ಸಂಡಾಸು ಎಲ್ಲೈತಮ್ಮ ಎಂದರು.

“ನೀವು ನಿಂತಿರೋದೇ ಅದ್ರಾಗೆ ಮಾವ,” ಎಂದೆ.

ಅವರು ಒಂದು ಹೆಜ್ಜೆ ಸರಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಒಲೆಯ ಗೆರೆಯ ಮುಂದೆ ನಿಂತು, ದೋಣಿ ವಾಲಿದಾಗ ಹೇಗೆ ಬೆನ್ನು ಆನಿಸಿಕೊಂಡು ಅಡುಗೆ ಮಾಡಬೇಕೆಂದು ತೋರಿಸಿದೆ. ಅತ್ತೆ ಬುತ್ತಿ ಬಿಚ್ಚಿ ಎಲ್ಲರ ಕೈಗೂ ರೊಟ್ಟಿ ಹಾಕಿದರು. ನಾನೂ ತಿಂದೆ. ಅಷ್ಟರವರೆಗೆ ಚೆನ್ನಾಗಿತ್ತು.

ಆಮೇಲೆ ಮಾವ ಇನ್ನೊಂದು ದೋಣಿಗೆ ಹೋದರು. ಎಡದ ಒಡಲಿನಿಂದ ಬಲದ ಒಡಲಿಗೆ ನಡೆದು, ಮತ್ತೆ ವಾಪಸ್ ಬಂದು, ಹೊಸ ಕುರಿರೊಪ್ಪಕ್ಕೆ ಜಾಗ ಗೊತ್ತುಮಾಡಿದವರ ಹಾಗೆ ಕೋಲು ಊರಿ ನಿಂತರು.

“ಇದೇ ಸರಿ. ಈ ಕಡೀದ್ರಾಗೆ ಒಲೆ, ದೇವ್ರು. ಆ ಕಡೀದು ಬೇರೆ. ಹೊರಗಾದಾಗ ಅವಳು ಅಲ್ಲಿರ್ತಾಳೆ. ನಡುವೆ ನೀರು ಹರೀತಿರ್ತೈತೆ. ಬೇಲಿಗಿಂತ ಚೆನ್ನಾಗೈತೆ.”

ಅತ್ತೆಯ ಮುಖ ಅರಳಿತು. ಇಷ್ಟು ದಿನ ಅದೇ ಚಿಂತೆಯಾಗಿತ್ತು, ಒಂದೇ ದೋಣಿಯಲ್ಲಿ ದೇವರನ್ನೂ ಇಟ್ಟುಕೊಂಡು ಹೇಗೆ ಎಂದು ಕೊರಗುತ್ತಿದ್ದೆ, ಈರೇಶ ಬಂದು ಹೀಗೊಂದು ದೋಣಿ ಇದೆ ಎಂದ ಮೇಲೆಯೇ ನಿದ್ದೆ ಬಂದದ್ದು ಎಂದರು.

ನಾನು ಈರೇಶನನ್ನು ನೋಡಿದೆ. ಅವನು ಟೇಪು ಸುತ್ತುತ್ತಿದ್ದ. ಆಗಲೇ ಸುತ್ತಿ ಮುಗಿದಿದ್ದ ಟೇಪನ್ನು.

ಕೈ ಹಿಡಿದು ಹಾಯಿಕಂಬದ ಹತ್ತಿರ ಎಳೆದುಕೊಂಡು ಹೋದೆ. ಅವನು ಮೆಲ್ಲಗೆ ವಿವರಿಸಿದ. ಅಪ್ಪನನ್ನು ಒಪ್ಪಿಸಲು ಬೇರೆ ದಾರಿ ಇರಲಿಲ್ಲ. ದೊಡ್ಡ ದೋಣಿಯೇ ನಮಗೂ ಸುಖ. ದಡ ಬಿಟ್ಟ ಮೇಲೆ ನಾವು ನಮ್ಮ ಹಾಗೆ ಇರೋಣ.

“ಹೆಸರಿಗೆ ಮಾತ್ರ ಕಣೆ. ಸಮುದ್ರದಾಗೆ ಯಾರು ನೋಡ್ತಾರೆ?”

“ಯಾರೂ ನೋಡದ ಕಡೆಗೂ ಬೇಲಿ ಹೊತ್ಕೊಂಡು ಹೋಗ್ಬೇಕಾ?”

ನಾನು ಬಿಡಲಿಲ್ಲ. ಹಡಗಿನ ರೂಢಿ ಅವನೇ ನನಗೆ ಕಲಿಸಿದ್ದು: ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನಾಲ್ಕು ಗಂಟೆ ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ನಿದ್ದೆ ಮಾಡಬೇಕು, ಆಮೇಲೆ ಪಾಳಿ ಬದಲಾಗಬೇಕು. ಹಾಗಿರುವಾಗ ಮೂರು ದಿನ ನಾನು ಏನನ್ನೂ ಮುಟ್ಟದೆ ಕೂತರೆ ನೀನು ಮೂರು ದಿನ ಕಣ್ಣು ಮುಚ್ಚದೆ ಇರುತ್ತೀಯಾ ಎಂದು ಕೇಳಿದೆ. ಅದೆಲ್ಲ ನಿಜವಾಗಿ ಮಾಡುವುದಿಲ್ಲವಲ್ಲ ಎಂದ. ಹಾಗಾದರೆ ನಿಮ್ಮಪ್ಪ ಸುಳ್ಳಿಗೆ ಕುರಿ ಮಾರಬೇಕಾ ಎಂದೆ. ಇವತ್ತೊಂದು ದಿನ ಸುಮ್ಮನಿರು ಎಂದು ಬೇಡಿಕೊಂಡ.

ಸುಮ್ಮನಿರಬಹುದಿತ್ತು. ಇಲ್ಲಿಯವರೆಗೆ ಹಾಗೇ ಇದ್ದೆ. ಇವತ್ತೂ ಸುಮ್ಮನಿದ್ದರೆ ಆ ಬಲಗಡೆಯ ಒಡಲು ನನ್ನ ಹೆಸರಿಗೆ ಬರೆದಂತೆ. ನಾವು ಸುತ್ತುವ ಕಡೆಗೆಲ್ಲ ಅದನ್ನು ಹಿಂದೆ ಎಳೆದುಕೊಂಡು ಹೋಗಬೇಕು.

ಉಕ್ಕಿನ ದೋಣಿಗೆ ವಾಪಸ್ ನಡೆದೆ. ಎರಡೂ ದೋಣಿ ನೋಡಿ ಆಯಿತಲ್ಲ ಎಂದು ಮಾವ, ಅತ್ತೆ, ಈರೇಶ ನನ್ನ ಹಿಂದೆಯೇ ಬಂದು ನೆರಳಿಲ್ಲದ ಅದರ ಕೋಣೆಯಲ್ಲಿ ನಿಂತರು. ನಾನು ಒಲೆಯ ಗೆರೆಯ ಮೇಲೆ ಕೈ ಇಟ್ಟ ಹಾಗೆ ನಿಂತೆ.

“ಮಾವ, ನಾನು ಬೆಳಗ್ಗೆಯಿಂದ ಹೊರಗಾಗೀನಿ.”

ಮೊದಲು ಅತ್ತೆ ಗೆರೆ ದಾಟಿದರು, ಕೆಂಡ ತುಳಿದವರಂತೆ. ಮಾವ ಕೋಲು ಎತ್ತಿಕೊಂಡು ಹಿಂದಕ್ಕೆ ಸರಿದರು. ಈರೇಶನೂ ದಾಟಿದ. ಅವನು ಯೋಚಿಸಿ ದಾಟಲಿಲ್ಲ ಎಂಬುದು ನನಗೆ ಕಂಡಿತು. ಹುಟ್ಟಿದಾಗಿನಿಂದ ಕಲಿತ ಕಾಲು ತಾನೇ ಎದ್ದುಹೋಯಿತು. ಅದಕ್ಕೇ ಹೆಚ್ಚು ನೋವಾಯಿತು.

“ಈಗ ಮೂರು ಜನಾನೂ ಸಮುದ್ರದಾಗೆ ಬಿದ್ರಿ,” ಎಂದೆ. “ದೋಣೀಲಿ ಇರೋದು ನಾನೊಬ್ಬಳೇ.”

ಅತ್ತೆ ಕೂಗಾಡಲಿಲ್ಲ. ನನ್ನ ಜೊತೆ ಟೇಪು ಹಿಡಿದಿದ್ದ ತಮ್ಮ ಕೈಯನ್ನು ನೋಡಿಕೊಂಡರು. “ಇವನನ್ನ ಹೆತ್ತಿದ್ದು ಬೇಲಿ ಹೊರಗೇ ಕಣಮ್ಮ. ಚಳಿಗಾಲ. ನಾನೇನು ಸತ್ತೆನಾ?”

“ನೀವು ಬದುಕಿದ್ದು ನಿಮ್ಮ ಗಟ್ಟಿತನ ಅತ್ತೆ. ಗುಡಿಸಿಲು ಉಳಿಸಿದ್ದಲ್ಲ.”

ಅವರು ಮುಖ ತಿರುಗಿಸಿದರು. ಮಾವ ಮಾತ್ರ ನನ್ನನ್ನೇ ನೋಡುತ್ತಿದ್ದರು. ಕುರಿ ಮಾರುವುದಿಲ್ಲ ಎಂದರು. ಬೇಡ ಎಂದೆ. ಆಮೇಲೆ ಮಗನ ಕಡೆ ತಿರುಗಿ, ಇವಳು ಇರುವಾಗ ಆ ಗೆರೆಯೊಳಗೆ ಹೋದರೆ ಶುದ್ಧ ಮಾಡಿಸಿಕೊಳ್ಳದೆ ಹಟ್ಟಿಗೆ ಕಾಲಿಡಬಾರದು, ಅದನ್ನು ತಿಳಿದುಕೊಂಡು ಹೋಗು ಎಂದು ಶಾಂತವಾಗಿಯೇ ಹೇಳಿದರು. ಹೇಳಿ ದೂರದ ಜಾಲಿಯ ಕೆಳಗೆ ಹೋಗಿ ಕೂತರು. ಅತ್ತೆ ಅವರ ಪಕ್ಕದಲ್ಲಿ. ಸುದ್ದಿ ಹೇಗೆ ಹೋಯಿತೋ, ಹಟ್ಟಿಯಿಂದ ಜನ ಬಂದು ಅಲ್ಲಲ್ಲಿ ನಿಂತರು.

ಈರೇಶ ಗೆರೆಯಿಂದ ಒಂದು ಮಾರು ದೂರದಲ್ಲಿದ್ದ. ಬಾ ಎಂದು ನಾನು ಕರೆಯಲಿಲ್ಲ.

“ಈಗ ನನ್ನ ಪಾಳಿ,” ಎಂದೆ. “ಮುಂದಿಂದು ನಿಂದು. ಬಂದ್ರೆ ಬಾ. ಬರ್ದಿದ್ರೂ ನಾಳೆ ಚಳ್ಳಕೆರೆ ಬೂತಿನಿಂದ ಉಕ್ಕಿನದೇ ಬೇಕು ಅಂತ ಫೋನ್ ಮಾಡ್ತೀನಿ. ನನ್ನ ಪಾಲಿನ ದುಡ್ಡಿಗೆ ಅರ್ಧ ದೋಣಿಯಾದ್ರೂ ಬರ್ತೈತೆ.”

ಒಬ್ಬಳೇ ಸಾಗಿಸಬಲ್ಲೆನೇ ಎಂದು ನನಗೆ ಗೊತ್ತಿರಲಿಲ್ಲ. ಚುಕ್ಕಾಣಿಯ ಗೆರೆಯ ಹಿಂದೆ ಕೂತೆ. ಬಿಸಿಲು ನೆತ್ತಿಯಿಂದ ಕೆನ್ನೆಗಿಳಿಯಿತು. ಹೊಟ್ಟೆ ನೋಯುತ್ತಿತ್ತು. ನೋಡಲು ಬಂದ ಹೆಂಗಸರಲ್ಲಿ ಕೆಲವರು ನಕ್ಕರು, ಒಬ್ಬಾಕೆ ನಗಲಿಲ್ಲ. ಟೀಚರಮ್ಮನಿಗೆ ತಲೆ ಕೆಟ್ಟಿದೆ, ನೀರಿಲ್ಲದ ಕಡೆ ದೋಣಿ ನಡೆಸುತ್ತಾಳೆ ಎಂದು ಯಾರೋ ಅಂದರು. ನಾನು ನೇರಕ್ಕೆ, ಹುಲ್ಲು ಮುಗಿದು ಆಕಾಶ ಶುರುವಾಗುವ ಕಡೆ ನೋಡುತ್ತ ಕೂತಿದ್ದೆ. ಪಾಳಿಯಲ್ಲಿ ಇರುವವರು ಅಲ್ಲಿಗೇ ನೋಡಬೇಕು.

ಈರೇಶ ಒಂದು ಸಲ ಜಾಲಿಯ ಮರದ ಕಡೆ ನಡೆದ. ಅಪ್ಪನ ಎದುರು ಬಹಳ ಹೊತ್ತು ನಿಂತಿದ್ದ. ಏನು ಮಾತಾಡಿದರೋ ಕೇಳಿಸಲಿಲ್ಲ. ವಾಪಸ್ ಬರುವಾಗ ಅವನ ನಡಿಗೆ ಅವಸರದ್ದಾಗಿರಲಿಲ್ಲ. ಗೆರೆಯ ಹತ್ತಿರ ಬಂದು ನಿಂತು ಕೆಳಗೆ ನೋಡಿಕೊಂಡ, ತನ್ನ ಕಾಲನ್ನೇ ನಂಬದವನ ಹಾಗೆ. ಆಮೇಲೆ ದಾಟಿದ.

ನಾನು ಏಳಲಿಲ್ಲ. “ಯಾವ ದೋಣಿ?”

“ಉಕ್ಕಿಂದು.”

“ಅಲ್ಲಿಗೆ ಕೇಳೋ ಹಾಗೆ ಹೇಳು.”

ಅವನು ಡೆಕ್ಕಿನ ಮೇಲೆ ಗಾಳಿಗೆ ಎದುರಾಗಿ ಕೂಗುವ ದನಿಯಲ್ಲಿ ಹೇಳಿದ. ಜಾಲಿಯ ಕೆಳಗೆ ಮಾವ ಎದ್ದು ನಿಂತರು, ಕೋಲು ಹೆಗಲ ಮೇಲೆ ಇಟ್ಟುಕೊಂಡು ಹಟ್ಟಿಯ ಕಡೆ ನಡೆದರು. ಅತ್ತೆ ಒಂದು ಸಲ ನಿಂತು ಹಿಂತಿರುಗಿ ನೋಡಿದರು.

ಚುಕ್ಕಾಣಿ ಅವನಿಗೆ ಕೊಟ್ಟೆ. ನನ್ನ ಪಾಳಿ ಮುಗಿದಿತ್ತು. ಕೋಣೆಗೆ ಇಳಿದು, ಎಡಗಡೆಯ ಹಾಸಿಗೆಯ ಗೆರೆಯೊಳಗೆ, ಇಡೀ ಹಟ್ಟಿ ನೋಡುತ್ತಿರುವಾಗಲೇ ಕಾಲು ಚಾಚಿ ಮಲಗಿದೆ.