ಕುಂದಲಹಳ್ಳಿಯ ಮುರ್ಗಿ ಚೀಲ

ಪಂಚಾಕ್ಷರಿಗೆ ಹಳೇ ಚೀಲಗಳ ಹುಚ್ಚು ಹಿಡಿದದ್ದು ಮದುವೆಯಾಗಿ ಒಂಬತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಅವನಿಗೆ ಎಲೆ ಅಡಿಕೆಯ ಅಭ್ಯಾಸ ಕೂಡ ಇರಲಿಲ್ಲ. ಗಂಡಸಿಗೆ ಒಂದಾದರೂ ಚಟ ಇರಲಿ ಬಿಡು ಎಂದು ಹೆಂಡತಿ ಹೇಮಲತಾ ಮೊದಲು ಸುಮ್ಮನಿದ್ದಳು. ಬೇಡ ಅನ್ನಬೇಕು ಅಂತ ಅವಳಿಗೆ ಅನ್ನಿಸುವಷ್ಟರಲ್ಲಿ ಮನೆಯಲ್ಲಿ ನಾಲ್ಕು ಚೀಲ ಸೇರಿದ್ದವು.

ವೈಟ್‌ಫೀಲ್ಡ್ ರಸ್ತೆಯ ಪಂಪು ಕಾರ್ಖಾನೆಯೊಂದರಲ್ಲಿ ಅವನು ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಇಡೀ ಲಾಟನ್ನೇ ವಾಪಸು ಕಳಿಸುವ ಮನುಷ್ಯ. ಅಂಥವನು ಒಂದು ಭಾನುವಾರ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಬಲೂಚಿ ಚೀಲ ನೋಡಿದ. ಎಡಗಡೆಯ ಹೂವು ಬಲಗಡೆಯದಕ್ಕಿಂತ ದೊಡ್ಡದು. ಅರ್ಧಕ್ಕೆ ಕೆಂಪು ದಾರ ಮುಗಿದುಹೋಗಿ ಅಲ್ಲಿಂದ ಬೇರೆಯದೇ ಕೆಂಪು ಶುರುವಾಗಿತ್ತು. ಅಂಚು ಸೊಟ್ಟ. ತಿರಸ್ಕರಿಸೋಕೆ ಅಷ್ಟೆಲ್ಲ ಕಾರಣ ಇದ್ದ ಆ ವಸ್ತುವಿನ ಮುಂದೆ ಅವನು ಒಂದು ಗಂಟೆ ನಿಂತ, ಆಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

"ಇರಾನಿನ ಕಡೆ ಕುರಿ ಮೇಯಿಸ್ಕೊಂಡು ಊರೂರು ಅಲೆಯೋ ಜನ ಇದಾರಲ್ಲ, ಅವರ ಹೆಂಗಸರು ನೇಯೋದು," ಎಂದು ಹೆಂಡತಿಗೆ ವಿವರಿಸಿದ. "ಎರಡು ಬಾಯಿ ಇರೋದಕ್ಕೆ ಖೊರ್ಜಿನ್ ಅಂತಾರೆ. ಕತ್ತೆ ಬೆನ್ನ ಮೇಲೆ ಆ ಕಡೆ ಒಂದು, ಈ ಕಡೆ ಒಂದು. ನಮ್ಮಜ್ಜ ಸಂತೆಗೆ ಹಾಕ್ಕೊಂಡು ಹೋಗ್ತಿದ್ದ ಹಸಿಬೆ ಚೀಲಾನೇ."

"ಹಾಗಾದ್ರೆ ನಿಮ್ಮಜ್ಜಂದೇ ತಂದು ಗೋಡೆಗೆ ಹಾಕಬಹುದಿತ್ತು," ಎಂದಳು ಹೇಮಲತಾ.

ತೊಂಬತ್ತಾರರ ಹೊತ್ತಿಗೆ ಮಾರತ್ತಹಳ್ಳಿಯ ಅವರ ಎರಡನೇ ಮಹಡಿಯ ಮನೆಯಲ್ಲಿ ಏಳು ಚೀಲ, ಎರಡು ಸಣ್ಣ ಜಮಖಾನೆ ಆಗಿದ್ದವು. ಅವನ ಪ್ರಾಣ ಇದ್ದದ್ದು ಖಶ್ಕಾಯಿ ಎಂಬ ಇರಾನಿನ ಅಲೆಮಾರಿ ಜನ ನೇಯ್ದ ಒಂದು ಚೀಲದಲ್ಲಿ. ಎರಡು ವರ್ಷದ ಬೋನಸ್ಸು ಅದಕ್ಕೇ ಹೋಗಿತ್ತು. ದಟ್ಟ ಉಣ್ಣೆ, ಕೈಯಿಟ್ಟರೆ ಬೆರಳು ಮುಳುಗುತ್ತಿತ್ತು. ಅದನ್ನು ಹೇಮಲತಾಳ ಮದುವೆ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ. ಅವಳು ಅದೇ ಟ್ರಂಕಿನ ಇಳಕಲ್ ಸೀರೆ ಉಟ್ಟು ಮದುವೆಮನೆಗೆ ಹೋದರೆ ಪಕ್ಕದಲ್ಲಿ ಕೂತವರು, ಹತ್ತಿರದಲ್ಲೆಲ್ಲೋ ಕುರಿ ಇದೆಯಾ ಅಂತ ಸುತ್ತ ನೋಡುತ್ತಿದ್ದರು.

ಅವನಿಗೆ ಒಂದೇ ಕೊರತೆ. ಮುರ್ಗಿ ಇರಲಿಲ್ಲ. ದಕ್ಷಿಣ ಇರಾನಿನ ಖಮ್ಸೆ ಎಂಬ ಅಲೆಮಾರಿ ಜನ ಸಾಲುಸಾಲಾಗಿ ಕೋಳಿಯಂಥ ಹಕ್ಕಿಗಳನ್ನು ನೇಯುತ್ತಾರೆ. ಸಂಗ್ರಹಕಾರರು ಅದನ್ನು ಮುರ್ಗಿ ಅನ್ನುತ್ತಾರೆ. ಅವನು ಅದನ್ನು ನೋಡಿದ್ದು ಇಂದಿರಾನಗರದ ಆರ್ಕಿಟೆಕ್ಟ್ ರುದ್ರೇಶ್ ಬಳಿಯಿದ್ದ ಪುಸ್ತಕದ ಚಿತ್ರದಲ್ಲಿ ಮಾತ್ರ. ರುದ್ರೇಶನಿಗೂ ಇದೇ ಹುಚ್ಚು. ಇಬ್ಬರೂ ಒಳ್ಳೇ ಸ್ನೇಹಿತರು. ಒಬ್ಬ ಹೊಸ ಚೀಲ ತಂದರೆ ಇನ್ನೊಬ್ಬನಿಗೆ ಎರಡು ದಿನ ಊಟ ಸೇರದಷ್ಟು ಸ್ನೇಹ.

ಆ ವರ್ಷ ಜುಲೈ ತಿಂಗಳಲ್ಲಿ ಕಾರ್ಖಾನೆಗೆ ಒಂದು ಗೋಡೌನ್ ಬೇಕಾಗಿ, ನೋಡಿ ಬಾ ಅಂತ ಮ್ಯಾನೇಜರ್ ಅವನನ್ನು ಕುಂದಲಹಳ್ಳಿಗೆ ಕಳಿಸಿದರು. ಅಲ್ಲಿ ಗೋಪಾಲಪ್ಪ ಎಂಬ ಹಳೇ ಕುಳ ತನ್ನ ರಾಗಿ ಹೊಲದಲ್ಲಿ ಸಾಲಾಗಿ ಶೀಟಿನ ಶೆಡ್ಡು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಶೆಡ್ಡು ತೋರಿಸಿ, ಮಜ್ಜಿಗೆ ಕುಡೀರಿ ಸಾರ್ ಎಂದು ಮನೆಗೆ ಕರೆದೊಯ್ದ. ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದು ಪಂಚಾಕ್ಷರಿ ದನದ ಕೊಟ್ಟಿಗೆಯ ಮೂಲೆ ಕಡೆ ನೋಡಿದ. ನೋಡಿದವನು ಲೋಟವನ್ನು ಮರೆತ.

ಮೂಲೆಯಲ್ಲಿ ಹುಲ್ಲಿನ ಮೇಲೆ ಒಂದು ಖೊರ್ಜಿನ್ ಬಿದ್ದಿತ್ತು. ಒಂದು ಬಾಯಿಯೊಳಗೆ ಕಂದು ಬಣ್ಣದ ಕೋಳಿಯೊಂದು ಮೈ ಅಗಲ ಮಾಡಿಕೊಂಡು ಕೂತಿತ್ತು. ಇನ್ನೊಂದು ಬಾಯಿಯ ಮೇಲೆ, ಧೂಳಿನ ಅಡಿಯಲ್ಲಿ, ನೇಯ್ದ ಒಂದು ಸಣ್ಣ ಹಕ್ಕಿ. ಅದರ ಪಕ್ಕ ಇನ್ನೊಂದು.

ಅವನು ಹತ್ತಿರ ಹೋಗಿ ಕೈ ಚಾಚಿದ. ಕೋಳಿ ಪುಕ್ಕ ಕೆದರಿಕೊಂಡು ಕುಕ್ಕಿತು.

"ಮುಟ್‌ಬ್ಯಾಡಿ ಸಾರ್," ಎನ್ನುತ್ತ ಗೋಪಾಲಪ್ಪನ ಹೆಂಡತಿ ಅಂಜನಮ್ಮ ಒಳಗಿನಿಂದ ಬಂದಳು. "ಕಾವ್ಗೆ ಕೂತು ನಾಕು ದಿನ ಆಗದೆ. ಎಬ್ಬಿಸಿದ್ರೆ ಮೊಟ್ಟೆ ಎಲ್ಲ ಕೆಟ್ಟೋಯ್ತವೆ."

"ಆ ಚೀಲ ಎಲ್ಲಿಂದ ಬಂತಮ್ಮ?"

"ಮ್ಯಾಲಿನ ರೂಮಲ್ಲಿ ಇರಾನಿ ಉಡುಗ್ರು ಬಾಡಿಗೆಗಿದ್ರು. ಓದು ಮುಗಿಸ್ಕಂಡು ಓಗುವಾಗ ಬಿಟ್ಟೋದ್ರು. ಮಂಚ ಮುರಿದೋಯ್ತು, ಇದು ಉಳ್ಕಂತು. ಅತ್ತು ವರ್ಸದಿಂದ ಕೋಳಿಗಳು ಅದ್ರಲ್ಲೇ ಕಾವು ಕೂರೋದು."

ಅವನು ಆದಷ್ಟು ಸಾಧಾರಣ ದನಿಯಲ್ಲಿ, "ಅದನ್ನ ನನಗೆ ಕೊಡ್ತೀರಾ?" ಎಂದು ಕೇಳಿದ.

"ಅವಳು ಎದ್ದ ಮ್ಯಾಲೆ ಮಾತಾಡಾನ."

"ಯಾವಾಗ ಏಳ್ತಾಳೆ?"

"ಇಪ್ಪತ್ತೊಂದು ದಿನಕ್ಕೆ ಮರಿ ಆಯ್ತವೆ. ನಾಕು ಕಳೀರಿ."

ಹದಿನೇಳು ದಿನ. ಪಂಚಾಕ್ಷರಿ ದಿನಾ ಸಂಜೆ ಶಿಫ್ಟು ಮುಗಿಸಿ ಸ್ಕೂಟರನ್ನು ಕುಂದಲಹಳ್ಳಿಗೆ ತಿರುಗಿಸತೊಡಗಿದ. ಮೊದಲ ದಿನ ಚೀಲ ಅಲ್ಲೇ ಇದೆಯಾ ಅಂತ ನೋಡಲು ಹೋದ. ಎರಡನೇ ದಿನ ಅಕ್ಕಿನುಚ್ಚು ತೆಗೆದುಕೊಂಡು ಹೋದ. ಹುಟ್ಟಿದಾಗಿನಿಂದ ಮನೆಯಲ್ಲಿ ಮೊಟ್ಟೆ ಎಂಬ ಶಬ್ದ ಕೇಳದೆ ಬೆಳೆದವನು, ಆಮ್ಲೆಟ್ ಗಾಡಿ ಕಂಡರೆ ರಸ್ತೆ ದಾಟುವವನು, ವಾರದೊಳಗೆ ಬ್ಯಾಟರಿ ಬೆಳಕಿಗೆ ಮೊಟ್ಟೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ಹೇಳುವುದನ್ನು ಕಲಿತ. ಹನ್ನೊಂದರಲ್ಲಿ ಒಂದು ಬರಿದು ಎಂದು ಅವನೇ ಕಂಡುಹಿಡಿದ.

ಕೋಳಿ ದಿನಕ್ಕೊಮ್ಮೆ ಹತ್ತು ನಿಮಿಷ ಎದ್ದು ನೀರು, ಕಾಳು ಮುಗಿಸಿ ಬರುತ್ತಿತ್ತು. ಆ ಹತ್ತು ನಿಮಿಷ ಅವನು ಮಂಡಿಯೂರಿ ಚೀಲದ ನೇಯ್ಗೆ ನೋಡುತ್ತಿದ್ದ.

"ಅದೇನ್ ಸಾರ್ ಅಂಗೆ ನೋಡ್ತೀರಿ?" ಎಂದಳು ಅಂಜನಮ್ಮ ಒಂದು ದಿನ.

"ಇದರ ಮೇಲೆ ಕೋಳಿ ನೇಯ್ದಿದಾರೆ ಅಮ್ಮ. ನೋಡಿ, ಕೊಕ್ಕು, ಬಾಲ."

ಅಂಜನಮ್ಮ ಬಗ್ಗಿ, ಸೆರಗಿನಿಂದ ಧೂಳು ಒರೆಸಿ ನೋಡಿದಳು. "ಔದಲ್ಲ. ನಾನು ಯಾವತ್ತೂ ನೋಡೇ ಇಲ್ಲ. ಅದುಕ್ಕೇ ಮತ್ತೆ, ಮಂಕರಿ ಇಟ್ರೂ ಬಿಟ್ಟು ಇಲ್ಲೇ ಬಂದು ಕೂರ್ತವೆ."

ಮನೆಯಲ್ಲಿ ಓವರ್‌ಟೈಮ್ ಇದೆ ಅಂತ ಹೇಳಿದ್ದ. ಎಂಟನೇ ದಿನ ಹೇಮಲತಾ ಅವನ ಶರ್ಟಿನ ಜೇಬಿನಿಂದ ಒಂದು ಕಂದು ಪುಕ್ಕ ತೆಗೆದು ಎದುರಿಗೆ ಹಿಡಿದಳು.

"ಪಂಪು ಕಾರ್ಖಾನೇಲಿ ಪುಕ್ಕ ಎಲ್ಲಿಂದ ಬಂತು ರೀ?"

ಅವನು ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿ, ಕುರ್ಚಿಯಲ್ಲಿ ಕೂತು, "ಕೊರಳಲ್ಲಿ ಲಿಂಗ ಕಟ್ಕೊಂಡು ಕೋಳಿ ಬಾಣಂತನಕ್ಕೆ ಹೋಗ್ತಿದೀರಾ," ಎಂದಳು. ಅವಳ ಬಾಯಿ ಬಿಗಿಯಾಗಿತ್ತು. ಆಮೇಲೆ ಅಡುಗೆಮನೆಯಿಂದ ಅವಳು ಒಬ್ಬಳೇ ನಗುವುದು ಅವನಿಗೆ ಕೇಳಿಸಿತು.

ಹೆಂಡತಿಗೆ ಹೇಳಿದ್ದು ಸರಿಯೇ. ಫೋನಿನಲ್ಲಿ ರುದ್ರೇಶನಿಗೂ ಬಾಯಿಬಿಟ್ಟದ್ದು ತಪ್ಪಾಯಿತು. ಮೂರು ದಿನ ಕಳೆದು ಅವನು ಹೋದಾಗ ಗೋಪಾಲಪ್ಪನ ಬಾಗಿಲಲ್ಲಿ ಒಂದು ಬಿಳಿ ಕಾರು ನಿಂತಿತ್ತು. ರುದ್ರೇಶ್ ಮಣಿಕಟ್ಟಿಗೆ ಕರ್ಚೀಫು ಸುತ್ತಿಕೊಂಡು ಬೇಗಬೇಗ ಹೊರಗೆ ಬರುತ್ತಿದ್ದ. ಹಿಂದೆ ಅಂಜನಮ್ಮ, ಕೈಯಲ್ಲಿ ಕಡ್ಡಿಪೊರಕೆ.

"ಬ್ಯಾಡ ಅಂದ್ರೂ ಟವಲ್ ಆಕಿ ಎತ್ತಕ್ಕೋದ್ರು," ಎಂದಳು ಅವಳು ಪಂಚಾಕ್ಷರಿಗೆ ದೂರು ಕೊಡುವವಳಂತೆ. "ಒಂದು ಮೊಟ್ಟೆ ಒಡೆದೋಯ್ತು. ಎಷ್ಟು ಬೇಕಾದ್ರೂ ಕೊಡ್ತೀನಿ ಅಂತಾರೆ. ಇವರ ದುಡ್ಡು ಕಾವು ಕೂರ್ತದಾ?"

ಕಾರಿನ ಬಾಗಿಲು ತೆಗೆಯುತ್ತ ರುದ್ರೇಶ್, "ಅದು ಮುರ್ಗಿ ಅಲ್ಲ ಕಣೋ, ರಾಕ್ಷಸಿ," ಎಂದ.

ಇಪ್ಪತ್ತೊಂದನೇ ದಿನ ಪಂಚಾಕ್ಷರಿ ಅರ್ಧ ದಿನ ರಜೆ ಹಾಕಿದ. ಕಾರಣ ಬರೆಯುವ ಜಾಗದಲ್ಲಿ 'ಹೆರಿಗೆ' ಅಂತ ಬರೆಯಲು ಹೋಗಿ, ತಡೆದುಕೊಂಡು, 'ಸ್ವಂತ ಕೆಲಸ' ಎಂದು ಬರೆದ. ಕೊಟ್ಟಿಗೆಗೆ ಹೋದಾಗ ಐದು ಮರಿ ಆಗಲೇ ಹೊರಗಿದ್ದವು. ಉಳಿದವು ಒಂದೊಂದಾಗಿ ಚಿಪ್ಪು ಒಡೆದುಕೊಂಡು ಬಂದವು. ಕೊನೆಯದು ತೂತು ಕೊರೆದು, ಸುಸ್ತಾಗಿ, ಬಹಳ ಹೊತ್ತು ಸುಮ್ಮನಿತ್ತು. ಅಂಜನಮ್ಮ ಕೈ ಹಾಕಲಿಲ್ಲ, ಅವನಿಗೂ ಬಿಡಲಿಲ್ಲ. ಅದು ಒದ್ದೆಯಾಗಿ ಹೊರಗುರುಳಿದಾಗ ಅವನ ಕಣ್ಣು ತುಂಬಿತ್ತು. ಒಂಬತ್ತು ಮರಿ. ಅವನು ಚೀಲದ ಮಾತು ಎತ್ತದೆ ಮನೆಗೆ ಬಂದ. ಎತ್ತಬೇಕಿತ್ತು ಅನ್ನುವುದು ಮಾರತ್ತಹಳ್ಳಿ ಮುಟ್ಟಿದ ಮೇಲೆ ನೆನಪಾಯಿತು.

ಮರುದಿನ ಅಂಜನಮ್ಮನೇ ವಿಷಯ ತೆಗೆದಳು. "ದುಡ್ಡು ಬ್ಯಾಡ ಸಾರ್. ಮರಿ ಕಟ್ಕಂಡು ಅವಳು ಎಲ್ಲಿ ಮಲಗ್ಬೇಕು? ಇದರಂಗೇ ಬೆಚ್ಚಗಿರೋದು ಇನ್ನೊಂದು ತಂದ್ಕೊಡಿ. ಅವಳು ಒಪ್ಕಂಡ್ರೆ ಇದು ನಿಮ್ದು."

ಇದೇನು ಮಹಾ ಅಂದುಕೊಂಡ. ಹುಲ್ಲು ಹಾಸಿದ ಬುಟ್ಟಿ ತಂದಿಟ್ಟ. ಸಂಜೆ ಕೋಳಿ ಅದನ್ನು ಸುತ್ತು ಹಾಕಿ, ಮರಿಗಳನ್ನು ಕರೆದುಕೊಂಡು ಹಳೇ ಚೀಲಕ್ಕೇ ಹೋಯಿತು. ಮಾರನೇ ದಿನ ಚಿತ್ರದುರ್ಗದ ಹೊಸ ಕಂಬಳಿ. ಒಂದು ಎಳೆ ಕಿತ್ತು ರುಚಿ ನೋಡಿ ಬಿಟ್ಟಿತು. ಮೂರನೇ ದಿನ ಎದೆ ಗಟ್ಟಿ ಮಾಡಿಕೊಂಡು ತನ್ನ ಬಲೂಚಿ ಚೀಲವನ್ನೇ ತಂದಿಟ್ಟ. ಕೋಳಿ ಅದರ ಮೇಲೆ ಹಿಕ್ಕೆ ಹಾಕಿ ಮುಂದೆ ನಡೆಯಿತು.

ನಾಲ್ಕನೇ ದಿನ ಅವನು ಟ್ರಂಕಿನ ಮುಂದೆ ಕೂತಿದ್ದನ್ನು ಹೇಮಲತಾ ನೋಡಿದಳು.

"ಅದನ್ನಾ?"

"ಸುಮ್ನೆ ಇಟ್ಟು ನೋಡ್ತೀನಿ. ಒಪ್ಪಲ್ಲ ಬಿಡು."

"ಒಪ್ಪಿದ್ರೆ?"

ಅವನು ಖಶ್ಕಾಯಿ ಚೀಲ ಕೊಡವಿ, ನುಸಿಗುಳಿಗೆ ವಾಸನೆ ಹೋಗಲಿ ಅಂತ ಬಿಸಿಲಿಗೆ ಹಾಕಿದ.

ಸಂಜೆ ಕೊಟ್ಟಿಗೆಯಲ್ಲಿ ಅದನ್ನು ಹಾಸಿ ಬಾಯಿ ಅಗಲಿಸಿ ಇಟ್ಟರು. ಕೋಳಿ ಬಂತು, ಕತ್ತು ಓರೆ ಮಾಡಿ ನೋಡಿತು, ಒಂದು ಕಾಲಿಟ್ಟಿತು. ಆ ಕಾಲು ಉಣ್ಣೆಯಲ್ಲಿ ಹೂತುಹೋಯಿತು. ಇನ್ನೊಂದು ಕಾಲೂ ಇಟ್ಟಿತು. ಒಳಗೆ ಹೋಗಿ ಎರಡು ಸುತ್ತು ತಿರುಗಿ ಕೂತು, ಗಂಟಲಲ್ಲೇ ಲೊಕ್ ಲೊಕ್ ಎಂದು ಕರೆಯಿತು. ಒಂಬತ್ತು ಮರಿಗಳು ಒಂದರ ಹಿಂದೊಂದು ಓಡಿ ಅದರ ರೆಕ್ಕೆಯಡಿ ಮಾಯವಾದವು.

ಗೋಪಾಲಪ್ಪ, "ಒಳ್ಳೇ ಮಾಲು ಯಾವುದು ಅಂತ ಇದಕ್ಕೆ ಗೊತ್ತದೆ ಸಾರ್," ಎಂದ.

ಪಂಚಾಕ್ಷರಿ ಹುಲ್ಲಿನ ಮೇಲೆ ಕುಕ್ಕರಿಸಿದ. ಅವನ ಮುಖ ನೋಡಿ ಅಂಜನಮ್ಮ, "ಮನಸ್ಸಿಲ್ದಿದ್ರೆ ತಗಂಡೋಗಿ ಸಾರ್, ಬಲವಂತ ಏನಿಲ್ಲ," ಎಂದಳು.

ಅವನು ಚೀಲ ನೋಡಿದ. ತಂದ ದಿನದಿಂದ ಅದರೊಳಗೆ ಒಂದು ಕರ್ಚೀಫು ಕೂಡ ಇಟ್ಟಿರಲಿಲ್ಲ. ಈಗ ಅದರ ಕೆಂಪು ಅಂಚಿನ ಮೇಲೆ ಒಂದು ಹಳದಿ ತಲೆ ಮೂಡಿ, ಅವನನ್ನು ನೋಡಿ, ಮತ್ತೆ ಒಳಗೆ ಹೋಯಿತು.

"ಇರಲಿ ಬಿಡಿ ಅಮ್ಮ," ಎಂದ. "ಆಗಲೇ ಮಲಗಿಬಿಟ್ಟಿದಾಳೆ."

ಮುರ್ಗಿ ಚೀಲವನ್ನು ಗಂಡ ಹೆಂಡತಿ ಇಬ್ಬರೂ ತಾರಸಿಯ ಮೇಲೆ ಅಂಟುವಾಳದ ನೀರಲ್ಲಿ ಅದ್ದಿ ತೊಳೆದರು. ಮೊದಲ ನಾಲ್ಕು ಬಕೆಟ್ಟು ಕಷಾಯದಂಥ ನೀರು ಬಂತು. ಐದನೆಯದರಲ್ಲಿ ನೀಲಿ ಕಂಡಿತು, ಆಮೇಲೆ ಇಟ್ಟಿಗೆ ಕೆಂಪು, ಆಮೇಲೆ ಸಾಲುಸಾಲು ಕೋಳಿಗಳು, ಒಂದೊಂದರ ಬಾಲವೂ ಒಂದೊಂದು ಥರ. ಇನ್ನೊಂದು ಬಾಯಿ ಮಾತ್ರ, ಹತ್ತು ವರ್ಷ ಕಾವು ಕೂತ ಕಡೆ, ಬಣ್ಣ ಮಾಸಿ ಬೂದಾಗಿತ್ತು. ಅಲ್ಲಿನ ಕೋಳಿಗಳು ಮಂಜಿನಲ್ಲಿ ನಿಂತಂತೆ ಕಾಣುತ್ತಿದ್ದವು. ಹೇಮಲತಾ ಒದ್ದೆ ಕೈಯಲ್ಲೇ ಎಣಿಸತೊಡಗಿದಳು. ಮೂವತ್ತೆಂಟಕ್ಕೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದಳು.

ವಾರದ ಮೇಲೆ ರುದ್ರೇಶ್ ನೋಡಲು ಬಂದ. "ಅರ್ಧ ಹಾಳಾಗಿದೆಯಲ್ಲೋ. ನಡುವೆ ಕತ್ತರಿಸಿ ಒಳ್ಳೇ ಅರ್ಧಕ್ಕೆ ಫ್ರೇಮ್ ಹಾಕಿಸು. ಎಲ್ಲರೂ ಹಾಗೇ ಮಾಡೋದು."

"ಕತ್ತರಿ ಮುಟ್ಟಿಸಬೇಡಿ," ಎಂದಳು ಹೇಮಲತಾ, ಪಂಚಾಕ್ಷರಿ ಬಾಯಿ ತೆಗೆಯುವ ಮೊದಲೇ. ಚೀಲ ಇಡಿಯಾಗಿಯೇ ಗೋಡೆ ಏರಿತು.

ಡಿಸೆಂಬರಿನಲ್ಲಿ ಅಂಜನಮ್ಮ, ಗೋಪಾಲಪ್ಪ ಒಂದು ಮೂಟೆ ಅವರೆಕಾಯಿ ಹೊತ್ತು ಮನೆಗೆ ಬಂದರು. ಕಾಫಿ ಆಯಿತು. ಅಂಜನಮ್ಮ ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಚಂದಾಗ್ ಮಾಡಿದೀರಿ. ಆದ್ರೆ ಬರೀದೇ ನೇತಾಕಿದೀರಲ್ಲ ಸಾರ್. ಚೀಲ ಅಂದ ಮ್ಯಾಲೆ ಕಾಲಿ ಇರಬಾರ್ದು."

ಯಾರೂ ಏನೂ ಹೇಳುವ ಮೊದಲೇ ಅವಳು ಬೊಗಸೆ ಮೇಲೆ ಬೊಗಸೆ ಅವರೆಕಾಯಿ ಎತ್ತಿ ಬೂದು ಬಣ್ಣದ ಬಾಯಿಗೆ ಸುರಿದಳು. ಒಳ್ಳೇ ಸೊಗಡಿನ ಕಾಯಿ; ಮುಟ್ಟಿದರೆ ಕೈಗೆ ಎಣ್ಣೆ ಅಂಟುತ್ತಿತ್ತು. ಪಂಚಾಕ್ಷರಿ ಎದ್ದು ನಿಂತ. ಹೇಮಲತಾ ಅವನನ್ನು ನೋಡಿದಳು. ಅವನು ಮತ್ತೆ ಕೂತ.

ಒಂದೂವರೆ ಸೇರು ಹಿಡಿಯಿತು. ಹೇಮಲತಾ ಮೂಟೆಯೊಳಗೆ ಕೈ ಹಾಕಿ, "ಇನ್ನೊಂದು ಕಡೆ ಎಷ್ಟು ಹಿಡಿಯುತ್ತೋ ನೋಡೋಣ," ಎಂದಳು.