ಬೆರಕೆ ಬೀಜ

ಅಜ್ಜಂಪುರದ ಆಚೆಯ ಎರೆ ಹೊಲದಲ್ಲಿ ಕರಿಬಸಮ್ಮ ಬೆಳೆಯುತ್ತಿದ್ದುದು ಅತ್ತೆಯ ಕಾಲದ ಹತ್ತಿ. ಪ್ರತಿ ವರ್ಷ ಅದರ ಬೀಜವನ್ನು ತಾನೇ ಆರಿಸಿ ಎತ್ತಿಡುತ್ತಿದ್ದಳು. ಅಂಗಡಿಯ ಕುಲಾಂತರಿ ಬಿಟಿ ಹತ್ತಿಯ ಮುಂದೆ ಅದರ ಇಳುವರಿ ಏನೇನೂ ಅಲ್ಲ. ಆದರೆ ತರೀಕೆರೆಯ ಸಾವಯವ ಸಂಘದವರು ಕುಲಾಂತರಿ ಸೋಕದ ಹತ್ತಿಯೇ ಬೇಕೆಂದು ಹುಡುಕಿಕೊಂಡು ಬಂದ ಮೇಲೆ ಅದಕ್ಕೆ ಒಳ್ಳೆಯ ಬೆಲೆ ಬಂದಿತ್ತು. ಅವಳ ಮಾತಿಗೂ ಊರಿನಲ್ಲಿ ತೂಕ ಬಂದಿತ್ತು.

ಹೋದ ವರ್ಷ ಪಕ್ಕದ ಹೊಲದ ಕಲ್ಲೇಶ ಒಂದು ಕಂಪನಿಗೆ ಬಿಟಿ ಹತ್ತಿಯ ಬೀಜ ಬೆಳೆದುಕೊಡಲು ಒಪ್ಪಿಕೊಂಡ. ಅವನು ಗಂಡನ ತಮ್ಮನ ಮಗ. ಗಿಡ ಮೊಗ್ಗಾಗುವ ಹೊತ್ತಿಗೆ ಕಂಪನಿಯವನು ಟೇಪು ಹಿಡಿದು ಬಂದು, ಬದುವಿನಿಂದ ಕರಿಬಸಮ್ಮನ ಹೊಲದೊಳಕ್ಕೆ ಮೂವತ್ತು ಮೀಟರ್ ಅಳೆದ.

"ಇಷ್ಟರೊಳಗೆ ಬೇರೆ ಹತ್ತಿ ಇರಬಾರದು. ಇವುಗಳ ಪರಾಗ ತಗುಲಿದ್ರೆ ನಮ್ಮ ಬೀಜ ಬೆರಕೆಯಾಗುತ್ತೆ" ಎಂದ.

"ನನ್ನ ಹೊಲ, ನನ್ನ ಗಿಡ. ನಾನ್ಯಾಕೆ ಕೀಳ್ಲಿ?" ಎಂದಳು ಕರಿಬಸಮ್ಮ.

ಗಂಡ ಮೃತ್ಯುಂಜಯ ಆಗಲೇ ಹೂಂ ಅಂದಾಗಿತ್ತು. "ಮನೆ ಹುಡುಗ ಕಣೇ. ಅಷ್ಟಕ್ಕೆಲ್ಲ ಇಲ್ಲ ಅನ್ನಕ್ಕಾಗುತ್ತಾ?"

ಕೂಲಿಯವರ ಕೈಯಲ್ಲಿ ಕೀಳಿಸಲು ಮನಸ್ಸಾಗದೆ ತಾನೇ ಕಿತ್ತಳು. ಮೊಗ್ಗು ಕಚ್ಚಿದ ಗಿಡ, ಬೇರು ಸುಲಭಕ್ಕೆ ಬಿಡಲಿಲ್ಲ. ಉಳಿದ ಹೊಲದಲ್ಲಿ ಹತ್ತಿ ಚೆನ್ನಾಗಿಯೇ ಬಂತು. ಎಂದಿನಂತೆ ಬೀಜ ತೆಗೆದಿಟ್ಟು, ಎಮ್ಮೆದೊಡ್ಡಿ ಕಡೆ ಕೊಟ್ಟಿದ್ದ ಅಕ್ಕ ಕಾಮಾಕ್ಷಮ್ಮನಿಗೂ ಒಂದು ಚೀಲ ಕಳಿಸಿದಳು. ಅಕ್ಕನೂ ಸಂಘಕ್ಕೆ ಸೇರಿದ್ದಳು.

ಈ ವರ್ಷ ಬೆಳೆ ಮೊಣಕಾಲುದ್ದ ಬಂದಾಗ ಸಂಘದ ಅಶ್ವಿನಿ ಪರೀಕ್ಷೆಗೆ ಬಂದಳು. ಎಲೆಯನ್ನು ಪುಟ್ಟ ಕೊಳವೆಯಲ್ಲಿ ಅರೆದು ಕಾಗದದ ಪಟ್ಟಿ ಅದ್ದಿದಳು. ಒಂದು ಗೆರೆ ಮೂಡಬೇಕಾದಲ್ಲಿ, ಬಿಟಿ ಇದೆಯೆಂದು ತೋರಿಸುವ ಎರಡನೆಯದೂ ಮೂಡಿತು. ಬೇರೆ ಬೇರೆ ಕಡೆಯಿಂದ ಎಲೆ ತಂದು ನೋಡಿದಳು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು.

"ಅಮ್ಮಾ, ಅಂಗಡಿ ಬೀಜ ಏನಾದ್ರೂ ಬೆರೆಸಿದ್ರಾ?"

ಕರಿಬಸಮ್ಮನ ಮೈ ಉರಿದುಹೋಯಿತು. "ಏನ್ ಮಾತಾಡ್ತೀಯವ್ವ ನೀನು!"

"ಬೇಜಾರು ಮಾಡ್ಕೋಬೇಡಿ, ಕೇಳ್ಲೇಬೇಕು. ಈ ಹತ್ತಿ ಸಂಘ ತಗೊಳ್ಳಲ್ಲ. ಯಾವ ಗಿಡದಲ್ಲಿ ಬೆರೆತಿದೆ, ಯಾವುದ್ರಲ್ಲಿಲ್ಲ ಅಂತ ನೋಡಿದ್ರೆ ಗೊತ್ತಾಗಲ್ಲ. ಬೀಜಕ್ಕಂತೂ ಇಟ್ಕೋಬೇಡಿ."

ಅಶ್ವಿನಿಯ ಬೈಕು ರಸ್ತೆಗೆ ಇಳಿಯುವ ಮೊದಲೇ ಕರಿಬಸಮ್ಮ ಬದು ದಾಟಿದ್ದಳು. ಕಲ್ಲೇಶನ ಜತೆ ಕಂಪನಿಯವನೂ ಅಲ್ಲೇ ನಿಂತಿದ್ದ.

"ನಮ್ಮ ಗಿಡದಿಂದ ನಿಮ್ದು ಕೆಡುತ್ತೆ ಅಂತ ಹೋದ್ವರ್ಷ ಕೀಳಿಸಿದ್ರಲ್ಲ. ಈಗ ನಿಮ್ಮ ಗಿಡದಿಂದ ನಮ್ದು ಕೆಟ್ಟೈತೆ. ಏನ್ ಕೀಳ್ತೀರ?"

ಕಂಪನಿಯವನು ನಕ್ಕ. "ಜೇನ್ನೊಣ ಎಲ್ಲಿಗೆ ಹೋಗುತ್ತೆ ಅಂತ ನಾವು ಕಾಯಕ್ಕಾಗುತ್ತಾ ಅಮ್ಮ? ಬಿಡಬೇಕಾದ ಜಾಗ ಬಿಟ್ಟಿದ್ವಲ್ಲ."

"ಬಿಟ್ಟಿದ್ದು ನಾನು."

ಅವನು ಫೋನ್ ನೋಡುತ್ತಾ ಆಚೆ ಸರಿದ. ಕಲ್ಲೇಶ ಮಾತ್ರ ಮೆಲ್ಲಗೆ, "ದೊಡ್ಡಮ್ಮ, ನೀವೂ ಹೊಲ ಕಂಪನಿಗೆ ಕೊಟ್ಬಿಡಿ. ಆಗ ಈ ತಾಪತ್ರಯವೇ ಇರಲ್ಲ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಮಾರನೆಯ ದಿನ ಕಡೂರಿನ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದಳು. ಮೂರು ವರ್ಷದ ಹಿಂದೆ ಕೊಟ್ಟಿದ್ದ ಬೀಜದಲ್ಲಿ ಒಂದಿಷ್ಟಾದರೂ ಅಲ್ಲಿ ಉಳಿದಿದ್ದೀತು ಎಂಬ ಆಸೆ. ಕಾಮಾಕ್ಷಮ್ಮ ಕೊಟ್ಟಿಗೆ ಬಾಗಿಲಲ್ಲೇ ನಿಂತಿದ್ದಳು. ಸಂಘದವರು ಅಲ್ಲಿಗೂ ಬಂದು ಹೋಗಿದ್ದರು.

"ಹಳೇ ಬೀಜ ಒಂದು ಹಿಡಿನಾದ್ರೂ ಐತಾ ಅಕ್ಕ?"

"ನೀನು ಹೊಸದು ಕಳಿಸ್ದೆ ಅಂತ ಅದನ್ನ ರುಬ್ಬಿ ಎಮ್ಮೆಗೆ ಹಾಕ್ದೆ." ಅಕ್ಕನ ದನಿ ಏರಲಿಲ್ಲ. "ತಂಗಿ ಕೊಟ್ಟ ಬೀಜ ಅಂತ ಕಣ್ಮುಚ್ಕೊಂಡು ಬಿತ್ತಿದೆ ಕಣೇ. ಈಗ ಸಂಘದ ಹುಡುಗಿ ನನ್ನನ್ನೇ ಕಳ್ಳೀನ ನೋಡ್ದಂಗೆ ನೋಡಿ ಹೋದ್ಲು."

"ನನಗೇನು ಗೊತ್ತಿತ್ತಕ್ಕ?"

"ಪಕ್ಕದಲ್ಲಿ ಬಿಟಿ ಹಾಕವ್ರೆ ಅಂತ ಗೊತ್ತಿತ್ತಲ್ಲ."

ಕರಿಬಸಮ್ಮನಿಗೆ ಗೊತ್ತಿತ್ತು. ಅಷ್ಟು ಗಿಡ ಕಿತ್ತುಕೊಟ್ಟ ಮೇಲೆ ತನ್ನದು ಮುಗಿಯಿತು ಎಂದುಕೊಂಡಿದ್ದಳು. ಅಕ್ಕ ಊಟಕ್ಕೇಳು ಅನ್ನಲಿಲ್ಲ. ಅವಳೂ ಕೂರಲಿಲ್ಲ.

ಆ ಸಲದ ಹತ್ತಿಯನ್ನು ವ್ಯಾಪಾರಿ ಎಲ್ಲರ ಹತ್ತಿಯ ರಾಶಿಗೇ ಸುರಿದುಕೊಂಡ. ದೀಪಾವಳಿಗೆ ಅಕ್ಕ ಬರಲಿಲ್ಲ, ಫೋನೂ ಮಾಡಲಿಲ್ಲ. ಕಂಪನಿಯ ಬೀಜ ಬೆಳೆಯಲು ಕಲ್ಲೇಶನಿಗೆ ಹೊಲ ಬಿಟ್ಟುಕೊಡುವ ಮಾತನ್ನು ಮೃತ್ಯುಂಜಯ ಒಂದು ಸಂಜೆ ತೆಗೆದ.

"ಜೋಳ ಹಾಕ್ರಿ" ಎಂದಳು ಕರಿಬಸಮ್ಮ. "ಇಲ್ಲಾ ಪಾಳು ಬಿಡಿ. ಅವನ ಹತ್ತಿ ನಮ್ಮ ಹೊಲಕ್ಕೆ ಬಂದ್ರೆ ನಾನು ಅಲ್ಲಿಗೆ ಕಾಲಿಡಲ್ಲ."

ಮುಂಗಾರಿಗೆ ಅವಳ ಹೊಲಕ್ಕೂ ಕಂಪನಿಯ ಬೀಜವೇ ಬಿತ್ತು. ಅವಳು ಆ ಕಡೆ ಹೋಗಲಿಲ್ಲ.