ತೂಬಿನ ಗುಂಡಿಯ ಜೋಡಿ

ಅಟ್ಟೂರು ಕೆರೆಯಲ್ಲಿ ನಾನು ಗಾಳ ಹಾಕದ ಮೂಲೆ ಇಲ್ಲ, ತೂಬಿನ ಮುಂದಿನ ಗುಂಡಿಯೊಂದನ್ನು ಬಿಟ್ಟು. ಅಲ್ಲಿ ಯಾರೂ ಹಾಕುವಂತಿರಲಿಲ್ಲ. ಅದರಲ್ಲಿದ್ದದ್ದು ಬೀಜದ ಮೀನು, ತೋಳುದ್ದದ ಒಂದು ಜೋಡಿ ಕೊರಮೀನು.

ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಊರವರೆಲ್ಲ ಇಳಿದು ಸಿಕ್ಕ ಮೀನನ್ನು ಮಂಕರಿಗೆ ಬಾಚಿಕೊಳ್ಳುತ್ತಿದ್ದೆವು. ಆ ಜೋಡಿಯನ್ನು ಮಾತ್ರ ಒದ್ದೆ ಗೋಣಿಯಲ್ಲಿ ಸುತ್ತಿ ಊರಿಗೆ ಹಿರಿಯಳಾದ ದೊಡ್ಡಮುನಿಯಮ್ಮನ ತೋಟದ ಬಾವಿಗೆ ಬಿಡುತ್ತಿದ್ದೆವು. ಮಳೆಯಾಗಿ ಕೆರೆಗೆ ನೀರು ಬಂದರೆ ಮತ್ತೆ ಗುಂಡಿಗೆ. ನಮ್ಮ ತಾತಂದಿರ ಕಾಲದಿಂದ ಹೀಗೇ ನಡೆದಿತ್ತು. ನಾವು ಬಾವಿಗೆ ಹೊರದಿದ್ದರೆ ಕೊರಮೀನಿನ ಕುಲವೇ ಅಳಿಯುತ್ತದೆಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ಈ ಜೋಡಿಯ ಕಾವಲು ನನ್ನ ಹೆಂಡತಿಯ ಅಣ್ಣ ಪಿಳ್ಳಣ್ಣನದು. ಅದಕ್ಕೆ ಬದಲಾಗಿ ಕೆರೆಯಂಗಳದ ಹುಲ್ಲೆಲ್ಲ ಅವನಿಗೆ. ಹೊಲವಿಲ್ಲದ ಅವನ ಮನೆ ನಡೆಯುತ್ತಿದ್ದದ್ದು ಎಮ್ಮೆಗಳಿಂದ, ಎಮ್ಮೆಗಳು ಬದುಕಿದ್ದದ್ದು ಆ ಹುಲ್ಲಿನಿಂದ.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನೀರು ಯಾರೂ ಎಣಿಸದಷ್ಟು ಬೇಗ ಇಳಿಯಿತು. ಗೋಣಿ ಹಿಡಿದು ಹೋದರೆ ಗುಂಡಿಯಲ್ಲಿ ಕೆಸರು ಮಾತ್ರ ಇತ್ತು. ಕೈಹಾಕಿ ಹುಡುಕಿದೆವು. ಜೋಡಿ ಇಲ್ಲ.

ಅಂಗಡಿ ಮುನಿಶಾಮಿಗೆ ಆ ಹುಲ್ಲಿನ ಮೇಲೆ ಬಹಳ ದಿನದ ಕಣ್ಣು. ಮೀನು ಯಲಹಂಕ ಸಂತೆ ಮುಟ್ಟಿದೆ ಎಂದ. ಪಿಳ್ಳಣ್ಣನ ಮೈಮೇಲಿನ ಹೊಸ ಅಂಗಿಯನ್ನು ಬೆರಳಲ್ಲಿ ಹಿಡಿದೆಳೆದು, "ಕೊರಮೀನು ಬಟ್ಟೆ ನೇಯ್ತಾವೇನ್ಲಾ?" ಅಂದ. ಜನ ನಕ್ಕರು. ಆ ಅಂಗಿ ಯುಗಾದಿಗೆ ನಾನು ಹೊಲಿಸಿ ಕೊಟ್ಟದ್ದು. ನನಗೆ ಸಿಟ್ಟು ತಡೆಯದು. ಮುನಿಶಾಮಿಯ ಕುತ್ತಿಗೆಗೇ ಕೈ ಹಾಕಿದೆ. ನಾಲ್ಕು ಜನ ಬಿಡಿಸಿದರು. ನನ್ನ ಭಾವ ಸೋಮಾರಿ ಹೌದು, ಕಳ್ಳನಲ್ಲ, ಅವನು ಕದ್ದದ್ದೇ ಆದರೆ ನನ್ನ ಗಾಳದ ಕೋಲು ಮುರಿದು ಒಲೆಗೆ ಹಾಕುತ್ತೇನೆ ಎಂದು ಎಲ್ಲರ ಮುಂದೆ ಕೂಗಿದೆ. ಮಳೆ ಬೀಳುವುದರೊಳಗೆ ಮೀನು ಸಿಗದಿದ್ದರೆ ಹುಲ್ಲು ಮುನಿಶಾಮಿಗೆ ಎಂದು ಊರು ತೀರ್ಮಾನಿಸಿತು.

ಎಲ್ಲಿಂದ ಸಿಗಬೇಕು? ಕೆರೆ ಪೂರ್ತಿ ಒಣಗಿತು. ಅಂಗಳ ಸುಟ್ಟ ಹೆಂಚಿನಂತೆ ಬಿರಿಯಿತು. ನಾವೆಲ್ಲ ಹೊಲಗಳಿಗೆ ಗೊಬ್ಬರವಾಗಿ ಕೆರೆಯ ಗೋಡುಮಣ್ಣು ಹೊಡೆಯಲು ಗಾಡಿ ಕಟ್ಟಿ ಇಳಿದೆವು. ಪಿಳ್ಳಣ್ಣನೂ ಬಂದ. ಯಾರೂ ಅವನ ಪಕ್ಕದಲ್ಲಿ ಅಗೆಯಲಿಲ್ಲ, ನಾನೊಬ್ಬನೇ. ಮೇಲೆ ಜಕ್ಕೂರಿನ ವಿಮಾನಗಳು ಗುಯ್‌ಗುಟ್ಟುತ್ತಾ ಸುತ್ತುತ್ತಿದ್ದವು.

ತೂಬಿನ ಗುಂಡಿಯ ಅಂಚಿನಲ್ಲಿ ನನ್ನ ಗುದ್ದಲಿಗೆ ಗಟ್ಟಿ ಪದರ ಒಡೆದು ಒಂದು ಹೆಂಟೆ ಎದ್ದಿತು. ಕೆಳಗೆ ಮಣ್ಣು ಕಪ್ಪಗೆ ತಣ್ಣಗಿತ್ತು. ಅದರಲ್ಲಿ ಒಂದು ಪೊಳ್ಳು. ಕುಂಬಾರ ಒಳಗಿನಿಂದ ಸವರಿದ ಗಡಿಗೆಯಷ್ಟು ನುಣುಪು. ಅದರೊಳಗೆ ಲೋಳೆ ಹೊದ್ದು, ಬಾಲವನ್ನು ತಲೆಯ ಹತ್ತಿರ ತಂದು ಮಡಿಸಿಕೊಂಡು ಏನೋ ಮಲಗಿತ್ತು. ಹಾವೆಂದು ಗುದ್ದಲಿ ಎತ್ತಿದೆ.

"ಬಾವ, ತಡಿ," ಅಂದ ಪಿಳ್ಳಣ್ಣ.

ಅದು ಬಾಯಿ ತೆರೆಯಿತು. ಒಂದು ಗುಟುಕು ಗಾಳಿ ನುಂಗಿ ಮುಚ್ಚಿತು. ಕೆಳತುಟಿ ಹರಿದಿತ್ತು. ಹಿಂದೊಮ್ಮೆ ಕೆರೆ ತುಂಬಿದ್ದಾಗ ಗುಂಡಿ ಬಿಟ್ಟು ಅಲೆದು ಬಂದ ಈ ಜೋಡಿಯ ಗಂಡುಮೀನು ನನ್ನ ಗಾಳ ಕಿತ್ತುಕೊಂಡು ಹೋದಾಗ ಆದ ಗಾಯ ಅದು. ಆ ತುಟಿಯನ್ನು ಊರೆಲ್ಲ ಬಲ್ಲದು.

ಎರಡು ತಿಂಗಳಿಂದ ನಾವು ಅದರ ತಲೆಯ ಮೇಲೆ ಗಾಡಿ ಓಡಿಸಿದ್ದೆವು. ಎತ್ತುಗಳು ತುಳಿದಿದ್ದವು. ಹನಿ ನೀರಿಲ್ಲ, ತಿನ್ನಲು ಏನೂ ಇಲ್ಲ. ಅದು ಮಾತ್ರ ನೆಲದೊಳಗೆ ಉಸಿರನ್ನು ಚೂರು ಚೂರೇ ಖರ್ಚು ಮಾಡುತ್ತಾ ಮಳೆಯನ್ನು ಕಾಯುತ್ತಿತ್ತು. ನಾನು ನೂರಾರು ಕೊರಮೀನು ಕೊಂದಿದ್ದೇನೆ, ಕುಯ್ದಿದ್ದೇನೆ, ತಿಂದಿದ್ದೇನೆ. ಅದರೊಳಗೆ ಇಂಥದ್ದೊಂದು ಇದೆ ಎಂದು ಗೊತ್ತೇ ಇರಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು. ಗಂಡಸರು ರುಮಾಲು ತೆಗೆದರು, ಯಾರೂ ಹೇಳಿರಲಿಲ್ಲ. ಮಾರು ದೂರದಲ್ಲಿ ನೆಲದಲ್ಲಿ ಹೆಬ್ಬೆರಳು ಹೋಗುವಷ್ಟು ತೂತಿತ್ತು. ಪಿಳ್ಳಣ್ಣ ಅದರ ಮೇಲೆ ಕಿವಿಯಿಟ್ಟು, ಹೆಣ್ಣು ಇಲ್ಲಿದೆ ಎಂದು ಸನ್ನೆ ಮಾಡಿದ.

ದೊಡ್ಡಮುನಿಯಮ್ಮ ಕೋಲೂರಿಕೊಂಡು ಬಂದು, ನಡೆದದ್ದನ್ನು ಕೇಳಿ, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನಮ್ಮತ್ತೆ ಕಾಲ್ದಿಂದ ಬಾವೀಲಿ ಇಟ್ಕೊಂಡು ನಾವೇ ಬದುಕಿಸ್ತಾ ಇದೀವಿ ಅಂದ್ಕೊಂಡಿದ್ವಿ. ಇವುಕ್ಕೆ ನಮ್ಮ ಹಂಗೇ ಇರ್ನಿಲ್ಲ ಕಣ್ರಪ್ಪ," ಅಂದಳು.

ಮುನಿಶಾಮಿ ಅದನ್ನೇ ಹಿಡಿದುಕೊಂಡ. "ಅಂಗಾದ್ರೆ ಕಾವಲು ಯಾತುಕ್ಕೆ? ಪಿಳ್ಳಣ್ಣುಂಗೆ ಹುಲ್ಲು ಯಾತುಕ್ಕೆ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮುದುಕಿ ತಲೆಯೆತ್ತದೆ ಹೇಳಿದಳು. "ನಿಮ್ಮ ಗುದ್ದಲೀಯಿಂದ ಕಾಯಾಕೆ. ಈಗ ತಡಿ ಅಂದೋನು ಯಾರು, ನೀನಾ?"

ನನ್ನ ಗುದ್ದಲಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟೆ. ಕಾವಲೂ ಹುಲ್ಲೂ ಇದ್ದಲ್ಲೇ ಇರಲಿ ಎಂದು ಊರು ಒಪ್ಪಿತು. ಪಿಳ್ಳಣ್ಣ ಅಂಗಿ ಬಿಚ್ಚಿಟ್ಟು ಮಂಡಿಯೂರಿದ. ಹೆಂಟೆಯನ್ನು ಮಗುವಿಗೆ ಹೊದಿಸುವ ಹಾಗೆ ಮತ್ತೆ ಕೂರಿಸಿದ. ಉಸಿರಾಟಕ್ಕೆ ಬೆರಳಿನಿಂದ ಒಂದು ತೂತು ಬಿಟ್ಟ. ಸುತ್ತ ಮುಳ್ಳು ನೆಟ್ಟ. ಆ ವರ್ಷ ಬಾವಿಗೆ ಯಾರೂ ಮೀನು ಹೊರಲಿಲ್ಲ.

ಮುಂಗಾರಿನ ಸಣ್ಣ ಹನಿಗಳಿಗೆ ಅಂಗಳದಲ್ಲಿ ಹುಲ್ಲು ಚಿಗುರಿತ್ತು. ಮೊದಲ ದೊಡ್ಡ ಮಳೆಯ ಮಾರನೆಯ ಬೆಳಿಗ್ಗೆ ನಾವಿಬ್ಬರೂ ಏರಿಯ ಮೇಲೆ ಕುಳಿತೆವು. ಗುಂಡಿಯಲ್ಲಿ ಮೊಳಕಾಲುದ್ದ ಕೆಂಪು ನೀರು. ಎಮ್ಮೆಗಳು ಹಿಂದೆ ಮೇಯುತ್ತಿದ್ದವು. ಬಿಸಿಲೇರುವ ತನಕ ಏನೂ ಆಗಲಿಲ್ಲ. ಆಮೇಲೆ ನೀರು ಒಂದು ಕಡೆ ಉಬ್ಬಿತು. ಹರಿದ ತುಟಿ ಮೇಲೆ ಬಂದು ಗಾಳಿ ಕುಡಿದು ಮುಳುಗಿತು. ಅದರ ಪಕ್ಕದಲ್ಲೇ ಇನ್ನೊಂದು ಉಬ್ಬು.

ಪಿಳ್ಳಣ್ಣ ಎದ್ದು ಕುಡುಗೋಲು ಹಿಡಿದು ಹುಲ್ಲಿಗೆ ಹೋದ. ನಾನು ಕೋಲು ತೆಗೆದುಕೊಂಡು ಕೆರೆಗೆ ಹೊಸ ನೀರು ತರುತ್ತಿದ್ದ ಹಳ್ಳದ ಕಡೆ ನಡೆದೆ, ಗುಂಡಿಯನ್ನು ಬಹಳ ದೂರದಿಂದ ಬಳಸಿಕೊಂಡು.